ಕುರುಡಿ ಹಿಡಿಯಲು ಹೋದ ಬೇಸಿಗೆ

ಹೋದ ತಿಂಗಳು ಸ್ಕೂಟರನ್ನು ಸರ್ವೀಸಿಗೆ ಬಿಟ್ಟಿದ್ದೆ. ಬೈಂದೂರಿನ ಮೆಕ್ಯಾನಿಕ್ ಸೀಟು ಎತ್ತಿದವನೇ ಎರಡು ಹೆಜ್ಜೆ ಹಿಂದೆ ಹಾರಿದ.

“ಸಾರ್, ಎಂತ ಇಟ್ಟಿದ್ರಿ ಇದ್ರಗೆ? ಹಾವ್ ಗೀವ್ ಸತ್ತಿತ್ತಾ?”

ಹಾವಲ್ಲ, ಚಟ್ಲಿ. ಸಿಗಡಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮೂರು ವರ್ಷದ ಹಿಂದೆ ಒಂದು ಪೊಟ್ಟಣ ಚಟ್ಲಿಯನ್ನು ಡಿಕ್ಕಿಯಲ್ಲಿ ಮರೆತು, ಮೇ ತಿಂಗಳ ಬಿಸಿಲಲ್ಲಿ ಎರಡು ದಿನ ಸ್ಕೂಟರ್ ನಿಲ್ಲಿಸಿದ್ದೆ. ಆಮೇಲೆ ಸೋಪು, ಲಿಂಬೆಹುಳಿ, ಫಿನಾಯಿಲು ಎಲ್ಲ ಸುರಿದು ತೊಳೆದದ್ದಾಗಿದೆ. ಬಿಸಿಲೇರಿದರೆ ವಾಸನೆ ಇವತ್ತಿಗೂ ಹಾಜರು. ನನ್ನ ಹೆಂಡತಿ ಸುಜಾತ ತನ್ನ ಬ್ಯಾಗನ್ನು ಅದರೊಳಗೆ ಇಡುವುದೇ ಇಲ್ಲ. ಮೆಕ್ಯಾನಿಕ್ ಮೂಗು ಮುಚ್ಚಿಕೊಂಡು ಬಯ್ಯುತ್ತಿದ್ದರೆ ನಾನು ಮಾತ್ರ ಅಲ್ಲೇ ನಿಂತು, ಬೇಕೆಂದೇ ಇನ್ನೊಂದು ಸಲ ಉಸಿರೆಳೆದುಕೊಂಡೆ. ನನ್ನ ಬದುಕಿನ ಅತ್ಯಂತ ಖುಷಿಯ ಬೇಸಿಗೆಯ ವಾಸನೆ ಅದು. ಅದನ್ನು ಅವನಿಗೆ ಹೇಳಿದ್ದರೆ ನನ್ನನ್ನೂ ಸರ್ವೀಸಿಗೆ ಕಳಿಸುತ್ತಿದ್ದನೇನೋ.

ನಾನು ಹಾಲಾಡಿಯ ಕಡೆಯವನು, ಗದ್ದೆ ಮನೆಯಲ್ಲಿ ಹುಟ್ಟಿದವನು. ನನಗೆ ಮೀನು ಎಂದರೆ ಸಾರಿನಲ್ಲಿ ಇರುವಂಥದ್ದು. ಸುಜಾತ ಉಪ್ಪುಂದದ ಮೀನುಗಾರರ ಮನೆಯವಳು. ಕುಂದಾಪುರದ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು ನಾವು. ಮದುವೆಯ ಹೊತ್ತಿಗೆ ಎರಡೂ ಕಡೆ ಸ್ವಲ್ಪ ಗಲಾಟೆಯಾಗಿ, ವರ್ಷದೊಳಗೆ ಎಲ್ಲ ತಣ್ಣಗಾಗಿತ್ತು. ನಾನು ಬೈಂದೂರಿನಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಪಾಠ ಮಾಡುತ್ತೇನೆ. ಮನೆ ಉಪ್ಪುಂದದಲ್ಲಿ, ಮಾವನ ಮನೆಯ ಪಕ್ಕದಲ್ಲೇ ಬಾಡಿಗೆಗೆ. ಊಟ ಮಾತ್ರ ಹೆಚ್ಚಾಗಿ ಮಾವನ ಮನೆಯಲ್ಲಿ, ಏಕೆಂದರೆ ಅತ್ತೆಯ ಕೈಯ ಮೀನು ಸಾರಿನ ರುಚಿ ಕಂಡವನು ಬೇರೆ ಕಡೆ ಊಟಕ್ಕೆ ಕೂರಲಾರ.

ಮಾವ ಒಂದು ಕಾಲದಲ್ಲಿ ಕೈರಂಪಣಿ ಬಲೆಯ ತಂಡಕ್ಕೆ ಮುಖ್ಯಸ್ಥರಾಗಿದ್ದವರು. ಹಗ್ಗ ಹಿಡಿದು ದಡದಿಂದ ಬಲೆ ಎಳೆಯುವ ಐವತ್ತು ಜನರಿಗೆ ಕೇಳುವಂತೆ ಕೂಗಿ ಕೂಗಿ ಅವರ ಗಂಟಲು ಮನೆಯೊಳಗೂ ಕಡಲ ಲೆಕ್ಕದಲ್ಲೇ ಮಾತಾಡುತ್ತದೆ. ನನ್ನನ್ನು ಅವರು ಮದುವೆಯ ದಿನದಿಂದಲೂ ಕರೆಯುವುದು ‘ಮಾಸ್ಟ್ರೆ’ ಎಂದು. ಬಹುವಚನ ಒಂದು ದಿನವೂ ತಪ್ಪಿರಲಿಲ್ಲ. ಅದು ಗೌರವವೋ, ದೂರವೋ ಎಂದು ನನಗೆ ಹನ್ನೊಂದು ವರ್ಷವಾದರೂ ಗೊತ್ತಾಗಿರಲಿಲ್ಲ.

ಆ ವರ್ಷ ಮಾವನ ಎರಡೂ ಕಣ್ಣುಗಳಿಗೆ ಪೊರೆ ಬಂದು ಬಲಿತಿತ್ತು. ಡಾಕ್ಟರು ನೋಡಿ, ಮಳೆಗಾಲ ಹಿಡಿಯುವುದರೊಳಗೆ ಆಪರೇಶನ್ ಮಾಡಿಸಿಬಿಡಿ, ಇನ್ನೂ ತಡ ಮಾಡಿದರೆ ಇರುವ ದೃಷ್ಟಿಯೂ ಕೈತಪ್ಪಬಹುದು ಎಂದಿದ್ದರು. ಮಾವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. “ನಂಗೆ ಸಮ ಕಾಂತ್ತ್” ಎನ್ನುವುದೊಂದೇ ಮಾತು. ಕಾಣುತ್ತಿರಲಿಲ್ಲ ಎಂಬುದು ಇಡೀ ಕೇರಿಗೆ ಗೊತ್ತಿತ್ತು. ಅಂಗಳದಿಂದ ಬಚ್ಚಲಿಗೆ ಹೆಜ್ಜೆ ಎಣಿಸಿ ಹೋಗುತ್ತಿದ್ದರು. ಎದುರಿಗೆ ಬಂದವರನ್ನು ಚಪ್ಪಲಿಯ ಸದ್ದಿನಿಂದ ಗುರುತಿಸಿ, ಅವರು ಬಾಯಿ ತೆರೆಯುವ ಮೊದಲೇ ಹೆಸರು ಹಿಡಿದು ಮಾತಾಡಿಸಿ ಗೆದ್ದ ಮುಖ ಮಾಡುತ್ತಿದ್ದರು. ಎಂಥ ಕಡಲಿಗೂ ಇಳಿದ ಮನುಷ್ಯನಿಗೆ ಕಣ್ಣಿಗೆ ಕತ್ತರಿ ತಾಗುವುದೆಂದರೆ ಜೀವ ಹಾರುವಷ್ಟು ಹೆದರಿಕೆ. ಆ ಹೆದರಿಕೆಯನ್ನು ಹೇಳಿಕೊಳ್ಳಲಿಕ್ಕೆ ಅದಕ್ಕಿಂತ ದೊಡ್ಡ ಹೆದರಿಕೆ.

ಇನ್ನು ನನ್ನ ಕತೆ. ಮಾರ್ಚಿನಲ್ಲಿ ಪರೀಕ್ಷೆ, ಏಪ್ರಿಲ್‌ನಲ್ಲಿ ಮೌಲ್ಯಮಾಪನ. ನೂರಾರು ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪನ್ನು ನೂರಾರು ಸಲ ನೋಡಿ ತಲೆ ಕೆಟ್ಟಿದ್ದಾಗ, ಮೊಬೈಲಿನಲ್ಲಿ ಒಂದು ವಿಡಿಯೋ ಎದುರಾಯಿತು. ಟೊಪ್ಪಿ ಹಾಕಿದ ಅಮೆರಿಕದ ಒಬ್ಬ ಧಡಿಯ ಸರೋವರದ ಮಧ್ಯೆ ದೋಣಿ ನಿಲ್ಲಿಸಿಕೊಂಡು, ಒಂದು ಸಣ್ಣ ಕೋಲಿನಿಂದ ಬಾಸ್ ಎಂಬ ಮೀನು ಹಿಡಿಯುವುದು ಹೇಗೆಂದು ಹೊಸಬರಿಗೆ ಹೇಳಿಕೊಡುತ್ತಿದ್ದ. ಎಷ್ಟು ಶಾಂತ, ಎಷ್ಟು ಸುಲಭ! ಒಂದಾದ ಮೇಲೆ ಒಂದರಂತೆ ನಲವತ್ತು ವಿಡಿಯೋ ನೋಡಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಹೊಳೆ ಕಡಲು ಸೇರುವ ನಮ್ಮ ಅಳಿವೆಗಳಲ್ಲೂ ಅದರ ದೊಡ್ಡಪ್ಪನ ಮಗನಂಥ ಮೀನೊಂದು ಇದೆ, ಅದನ್ನು ಸೀಬಾಸ್ ಎನ್ನುತ್ತಾರೆ, ನಮ್ಮವರು ಕುರುಡಿ ಎನ್ನುತ್ತಾರೆ ಎಂದು ಓದಿದಾಗಲಂತೂ ಕೈ ತಡೆಯಲಿಲ್ಲ. ಕೋಲು, ರೀಲು, ನೂಲು, ಬಣ್ಣ ಬಣ್ಣದ ರಬ್ಬರ್ ಮೀನುಗಳು ಎಲ್ಲವನ್ನೂ ಆರ್ಡರ್ ಮಾಡಿಬಿಟ್ಟೆ.

ಪಾರ್ಸೆಲ್ ಬಂದ ಮಧ್ಯಾಹ್ನ ಮಾವನ ಮನೆಯಲ್ಲಿ ಬಂಗುಡೆ ಸಾರು. ಊಟಕ್ಕೆ ಕೂತವನು ಹುರುಪಿನಲ್ಲಿ ಹೇಳಿಯೇಬಿಟ್ಟೆ. “ಮಾವ, ನಾನು ಈ ರಜೆಯಲ್ಲಿ ಕುರುಡಿ ಹಿಡಿಯಬೇಕು ಅಂತಿದ್ದೇನೆ.”

ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು. ಸುಜಾತ ನನ್ನ ಕಾಲು ತುಳಿದಳು. ನಾನು ಮಾವನಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೂ ಜೋರಾಗಿ ಹೇಳಿದೆ. “ಕುರುಡಿ, ಮಾವ. ಕುರುಡಿ!”

ಆಮೇಲೆ ಗೊತ್ತಾಯಿತು. ಮಾವನ ಕಣ್ಣು ಮಂದವಾದಂದಿನಿಂದ ಆ ಮನೆಯಲ್ಲಿ ಆ ಮೀನಿನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಬುಟ್ಟಿ ಹೊತ್ತು ಮನೆ ಮನೆಗೆ ಹೋಗಿ ಮೀನು ಮಾರುತ್ತಿದ್ದವರು. ಹೊರಗೆ ಎಷ್ಟು ಕೂಗಿ ಮಾರಿದರೂ ಮನೆಯ ಹೊಸ್ತಿಲೊಳಗೆ ಅದು ‘ಆ ಮೀನು’. ನಾಲ್ಕು ವರ್ಷದಿಂದ ಎಲ್ಲರೂ ಉಸಿರು ಹಿಡಿದು ಕಾಯ್ದುಕೊಂಡು ಬಂದದ್ದನ್ನು ನಾನು ಒಂದು ತುತ್ತು ಅನ್ನದ ಮಧ್ಯೆ ಎರಡು ಸಲ ಕೂಗಿ ಹೇಳಿದ್ದೆ. ನಾಲಿಗೆ ಕಚ್ಚಿಕೊಂಡೆ. ಕಚ್ಚಿಕೊಂಡು ಏನು ಪ್ರಯೋಜನ?

ಮಾವ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಾಕ್ ವರ್ಷ ಆಯ್ತ್, ಈ ಮನಿಯಗೆ ಯಾರೂ ಆ ಹೆಸ್ರ್ ಹೇಳುದಿಲ್ಲ. ಮೀನಿಗೆ ನನ್ನ್ ಹೆಸ್ರ್ ಇಟ್ಟಾಂಗೆ ಮಾಡ್ತ್ರ್! ನಂಗೆ ಸಮ ಕಾಂತ್ತ್, ಮತ್ತೆಂತಕ್ಕೆ ಹೆದ್ರುದ್?” ಎಂದು ನನ್ನ ಕಡೆ ತಿರುಗಿದರು. “ಮಾಸ್ಟ್ರೆ, ಕೋಲ್ ಹಿಡ್ದ್ ಗೊತ್ತಿಲ್ದವ್ರಿಗೆ ಕುರುಡಿ ಸಿಕ್ಕುದಿಲ್ಲ. ಹೆಸ್ರ್ ಮಾತ್ರ ಕುರುಡಿ. ಅದಕ್ಕೆ ಕಾಂಬಷ್ಟ್ ನಿಮ್ಗೂ ಕಾಂಬುದಿಲ್ಲ.”

ಸುಜಾತ ಅವಕಾಶ ಬಿಡುವವಳಲ್ಲ. “ಅಪ್ಪಯ್ಯ, ಇವ್ರ್ ಹಿಡ್ದ್ರೆ ಆಪರೇಶನ್ನಿಗೆ ಬತ್ತ್ರಿಯಾ?” ಎಂದು ಕೇಳಿಯೇಬಿಟ್ಟಳು.

ಮಾವ ಕೈ ನೆಕ್ಕಿಕೊಂಡರು. “ಆಯ್ತ್. ಮಳಿ ಬೀಳುಕ್ ಮುಂಚೆ ಮಾಸ್ಟ್ರ್ ಆ ಆಟದ್ ಕೋಲಗೆ ಒಂದ್ ಕುರುಡಿ ಹಿಡೀಲಿ. ಹಿಡ್ದ್ರೆ ನಾ ಆಸ್ಪತ್ರಿಗೆ ಬತ್ತೆ. ಇಲ್ದಿದ್ರೆ ಇನ್ನ್ ಯಾರೂ ನನ್ನ್ ಕಣ್ಣಿನ್ ಸುದ್ದಿ ಎತ್ತುಕಾಗ.”

ಅವರು ನಗುತ್ತ ಕೈ ತೊಳೆಯಲು ಎದ್ದರು. ಗೆದ್ದೇ ಗೆಲ್ಲುತ್ತೇನೆಂದು ಗೊತ್ತಿರುವವರ ನಗು ಅದು. ಬರಿಯ ಹವ್ಯಾಸ ಎಂದುಕೊಂಡದ್ದಕ್ಕೆ ಈಗ ಒಬ್ಬ ಮನುಷ್ಯನ ಕಣ್ಣು ಗಂಟು ಬಿದ್ದಿತ್ತು.

ಮಾರನೆಯ ದಿನದಿಂದಲೇ ಅಂಗಳದಲ್ಲಿ ಅಭ್ಯಾಸ. ಕೋಲು ಬೀಸಿ ಗಾಳವನ್ನು ದೂರ ಎಸೆಯುವುದು ವಿಡಿಯೋದಲ್ಲಿ ಎಷ್ಟು ಚಂದ! ಬೆರಳನ್ನು ಯಾವಾಗ ಬಿಡಬೇಕೆಂಬುದರಲ್ಲೇ ಎಲ್ಲ ಇರುವುದು. ಬೇಗ ಬಿಟ್ಟರೆ ಗಾಳ ಆಕಾಶಕ್ಕೆ, ತಡವಾದರೆ ಕಾಲ ಬುಡಕ್ಕೆ. ಕೋನ ಲೆಕ್ಕ ಹಾಕಿದೆ, ಚಿತ್ರ ಬರೆದೆ. ಮೊದಲ ಬೀಸಿಗೆ ತೆಂಗಿನ ಗರಿ, ಎರಡನೆಯದಕ್ಕೆ ಸುಜಾತ ಒಣಹಾಕಿದ್ದ ಸೀರೆ. ಮೂರನೆಯದು ಅತ್ತೆ ಚಾಪೆಯ ಮೇಲೆ ಹರಡಿದ್ದ ಒಣಮೀನಿನ ನಡುವೆ ಬಿತ್ತು. ಗಾಬರಿಯಲ್ಲಿ ರೀಲು ಸುತ್ತಿದರೆ ಒಂದು ನಂಗು ಮೀನು ಕುಣಿಯುತ್ತ ನನ್ನ ಕಡೆಗೇ ಬಂತು. ನನ್ನ ಗಾಳಕ್ಕೆ ಸಿಕ್ಕ ಮೊದಲ ಮೀನು ಸತ್ತು ಒಣಗಿ ಹದಿನೈದು ದಿನವಾಗಿತ್ತು.

ಜಗಲಿಯಲ್ಲಿ ಕೂತ ಮಾವನಿಗೆ ಸದ್ದಿನಿಂದಲೇ ಎಲ್ಲ ತಿಳಿಯುತ್ತಿತ್ತು. “ಮಾಸ್ಟ್ರೆ, ಕೋಳಿ ಗೂಡಿನ ಬಾಗ್ಲ್ ಹಾಕ್ಕಣಿ. ಮೊಟ್ಟಿ ಇಡು ಕೋಳಿ ಇತ್ತ್” ಎಂದು ಕೂಗಿದರು. ಅತ್ತೆ ಒಣಮೀನನ್ನು ಗಾಳದಿಂದ ಬಿಡಿಸಿಕೊಂಡು, ಏನೂ ಆಗದವರಂತೆ ಮತ್ತೆ ಚಾಪೆಯ ಮೇಲಿಟ್ಟು ಒಳಗೆ ಹೋಗಿ ನಕ್ಕದ್ದು ಹೊರಗೆ ಕೇಳಿಸಿತು.

ನೂಲಿಗೆ ಗಾಳ ಕಟ್ಟುವುದಕ್ಕೂ ನನ್ನದು ಪುಸ್ತಕದ ಕ್ರಮ. ಏಳು ಸುತ್ತು, ಒಂದು ಕುಣಿಕೆ, ಎಂಜಲು ಹಚ್ಚಿ ಎಳೆ. ಎಳೆದಾಗಲೆಲ್ಲ ಕಳಚಿ ಬರುತ್ತಿತ್ತು. ನಾಲ್ಕನೆಯ ಸಲಕ್ಕೆ ಮಾವ ಕೈ ಚಾಚಿದರು. ಕೊಟ್ಟೆ. ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡೇ, ಯಾರೊಂದಿಗೋ ಮಾತಾಡುತ್ತಲೇ, ಅವರ ಬೆರಳುಗಳು ಒಂದು ಗಂಟು ಹಾಕಿ ವಾಪಸ್ಸು ಕೊಟ್ಟವು. ಕೊಕ್ಕೆಗೆ ಸಿಕ್ಕಿಸಿ ಎರಡು ಕೈಯಲ್ಲೂ ಜಗ್ಗಿದೆ, ಜಪ್ಪಯ್ಯ ಎಂದರೂ ಕಳಚಲಿಲ್ಲ. ಗಾಳದ ಹತ್ತಿರದ ಒಂದು ಮೊಳ ನೂಲು ಮಾತ್ರ ದಪ್ಪದ್ದಾಗಿರಬೇಕೆಂದು ಅವರೇ ಹೇಳಿಕೊಟ್ಟರು. ಕುರುಡಿಯ ಕಿವಿರಿನ ಅಂಚು ಬ್ಲೇಡಿನಷ್ಟು ಹರಿತ, ತಲೆ ಕೊಡವಿದರೆ ತೆಳು ನೂಲು ಕತ್ತರಿಸಿಹೋಗುತ್ತದೆ. ಇದು ಯಾವ ವಿಡಿಯೋದಲ್ಲೂ ಇರಲಿಲ್ಲ. ನಾನು ಮಾಡುವುದು ಅವರನ್ನು ಸೋಲಿಸುವ ಕೆಲಸ, ಅವರು ಅದಕ್ಕೇ ನನಗೆ ಪಾಠ ಹೇಳುತ್ತಿದ್ದಾರೆ ಎಂಬುದು ಅವರಿಗೆ ಹೊಳೆದೇ ಇರಲಿಲ್ಲವೋ, ಅಥವಾ ಹೊಳೆದೂ ತಡೆಯಲಾಗಲಿಲ್ಲವೋ. ಮೀನಿನ ಸುದ್ದಿ ಬಂದರೆ ಸುಮ್ಮನಿರುವುದು ಅವರಿಂದ ಸಾಧ್ಯವೇ ಇರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅವರೂ ನನ್ನ ಜೊತೆ ಹೊಳೆಗೆ ಬರತೊಡಗಿದರು. ಮುಖ್ಯ ಕಾರಣ ನನ್ನ ಪೆದ್ದುತನ ನೋಡುವ ಆಸೆ ಎಂದು ಅವರೇ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದರು. ಸ್ಕೂಟರಿನ ಹಿಂದೆ ಕೂತು, ಕೋಲನ್ನು ಬಾವುಟದ ಹಾಗೆ ಎತ್ತಿ ಹಿಡಿದು, ಕೇರಿಯ ಉದ್ದಕ್ಕೂ “ಮಾಸ್ಟ್ರ್ ಬೇಟಿಗೆ ಹೊರ್ಟ್ರ್” ಎಂದು ಸಾರಿಕೊಂಡೇ ಬರುವರು. ಕಡಲಿಗೆ ಹತ್ತಿರ, ಹಳೆಯ ಸೇತುವೆಯ ಕೆಳಗೆ ದೋಣಿ ಕಟ್ಟುವ ಕಲ್ಲಿನ ದಕ್ಕೆಯೊಂದಿದೆ. ಆಚೆ ದಡದಲ್ಲಿ ನೀರಿಗೆ ಬೇರಿಳಿಸಿ ನಿಂತ ಕಾಂಡ್ಲದ ಗಿಡಗಳು. ಅಲ್ಲಿ ನಮ್ಮ ಶಾಲೆ.

ನನ್ನ ನೋಟ್‌ಬುಕ್ಕಿನಲ್ಲಿ ಬಾಸ್ ಮೀನಿನ ಬಗ್ಗೆ ಬರೆದದ್ದು ಓದಿ ಹೇಳಿದೆ. ತಾವರೆ ಎಲೆಯ ಅಡಿಯಲ್ಲಿ, ಮುಳುಗಿದ ಮರದ ಪಕ್ಕದಲ್ಲಿ, ನೀರು ಇಷ್ಟು ಬೆಚ್ಚಗಿರುವಾಗ. ಮಾವ ಗಂಭೀರವಾಗಿ ಕೇಳಿಸಿಕೊಂಡರು.

“ಆ ಟೊಪ್ಪಿಯವ್ನಿಗೆ ಇಲ್ಲ್ ಬಂದ್ ಒಂದ್ ದಿನ ನಿಲ್ಲುಕ್ ಹೇಳಿ,” ಎಂದರು. “ಮೀನ್ ಹುಡ್ಕುದಲ್ಲ ಮಾಸ್ಟ್ರೆ. ಅದ್ ಉಂಬು ಜಾಗ ಹುಡ್ಕುದ್. ನೀರ್ ಏರಿದಾಗ ಚಟ್ಲಿ ಎಲ್ಲ ಕಾಂಡ್ಲದ್ ಬುಡಕ್ಕೆ ಹೋತ್ತ್. ಇಳುವಾಗ ಹೊರ್ಗ್ ಬಪ್ಪುದ್. ಬಪ್ಪು ದಾರಿಯಗೆ, ಆ ಕಂಬದ್ ಮರಿಯಗೆ ನಿಂತಿರತ್ತ್ ನಿಮ್ಮ್ ಕುರುಡಿ. ಕೆಲ್ಸಕ್ಕ್ ಹ್ವಾಪುದಿಲ್ಲ ಅದ್. ಮನಿ ಬಾಗ್ಲಿಗೆ ಬಪ್ಪುದನ್ನ್ ಉಂಬುದ್.”

ಅವರು ದಕ್ಕೆಯ ಮೇಲೆ ಕಾಲು ಇಳಿಬಿಟ್ಟು ಕೂತು, ನೀರಿನ ಸದ್ದಿಗೆ ಕಿವಿ ಕೊಡುತ್ತಿದ್ದರು. ಕಡಲ ಭರತ ನಿಂತು ಇಳಿತ ಶುರುವಾಗುವ ಗಳಿಗೆಯನ್ನು ನನ್ನ ಮೊಬೈಲಿನ ಪಟ್ಟಿಗಿಂತ ನೀರಿಗೆ ತಾಗಿದ ಅವರ ಕಾಲಿನ ಹೆಬ್ಬೆರಳು ಮೊದಲು ಹೇಳುತ್ತಿತ್ತು. ಸೇತುವೆಯ ಕಂಬದ ಕಡೆಯಿಂದ ಆಗಾಗ ‘ಟಪ್’ ಎಂದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದು ಬರುತ್ತಿತ್ತು. “ಕೇಳಿಸ್ತಾ? ಉಂಬುಕ್ ಕೂತ್ತ್” ಎನ್ನುವರು. ನಾನು ಅಲ್ಲಿಗೆ ಗಾಳ ಎಸೆದರೆ ಅದು ಕಂಬಕ್ಕೆ ಬಡಿದು ಟಣ್ ಎನ್ನುತ್ತಿತ್ತು. ಆಮೇಲೆ ಒಂದು ಗಂಟೆ ಆ ಕಡೆ ಸದ್ದೇ ಇಲ್ಲ.

ಮೇ ತಿಂಗಳ ಮೊದಲೆರಡು ವಾರದಲ್ಲಿ ನನಗೆ ಸಿಕ್ಕಿದ್ದು ಹೇಳುತ್ತೇನೆ. ಏಡಿಗಳು, ಎಲ್ಲವೂ ಸಿಟ್ಟಿನವು. ಕೈಗೆ ಮುಳ್ಳು ಚುಚ್ಚಿ ಎರಡು ದಿನ ಸೀಮೆಸುಣ್ಣ ಹಿಡಿಯಲಾಗದಂತೆ ಮಾಡಿದ ಒಂದು ಶೇಡಿ ಮೀನು (ರಜೆಯಾದ್ದರಿಂದ ಸೀಮೆಸುಣ್ಣದ ಅಗತ್ಯವಿರಲಿಲ್ಲ ಎನ್ನುವುದು ಬೇರೆ). ಯಾರದೋ ಹರಿದ ಬಲೆ. ಒಂದು ಎಡಗಾಲಿನ ಚಪ್ಪಲಿ, ಅದು ಸಿಕ್ಕಿದಾಗ ಎಳೆತ ನೋಡಿ ಕುರುಡಿಯೇ ಎಂದು ನಾನು ಕೂಗಾಡಿದ್ದೆ. ರಬ್ಬರ್ ಮೀನು ಬಿಟ್ಟು ಜೀವಂತ ಚಟ್ಲಿ ಕಟ್ಟಿದೆ. ಮರೆತ ಪೊಟ್ಟಣದ ಕತೆ ಆಗಿನದು. ಬೆಳಿಗ್ಗೆ ಬಿಸಿಲೇರುವ ಮೊದಲೊಮ್ಮೆ, ಸಂಜೆ ಬಿಸಿಲಿಳಿದ ಮೇಲೊಮ್ಮೆ. ಮೈ ಕಪ್ಪಾಯಿತು, ಸೊಂಟ ಹಿಡಿಯಿತು, ಹಾಲಾಡಿಯಲ್ಲಿರುವ ನನ್ನ ಅಣ್ಣ ಫೋನ್ ಮಾಡಿ ನಿನಗೇನಾಗಿದೆ ಎಂದು ಕೇಳಿದ. ಆದರೂ ನಿಜ ಹೇಳುತ್ತೇನೆ, ಅಷ್ಟು ಸುಖವಾಗಿ ನಾನು ಯಾವ ರಜೆಯನ್ನೂ ಕಳೆದಿರಲಿಲ್ಲ. ಏನೂ ಸಿಗದೆ ಎರಡು ಗಂಟೆ ಕೂತಾಗ ಮಾವ ತಮ್ಮ ಬಲೆಯ ದಿನಗಳ ಸುದ್ದಿ ಹೇಳುವರು. ನಾನು ಹಾಲಾಡಿಯ ಗದ್ದೆಯ ಸುದ್ದಿ ಹೇಳುವೆ. ಹನ್ನೊಂದು ವರ್ಷದಲ್ಲಿ ನಾವಿಬ್ಬರು ಅಷ್ಟು ಮಾತಾಡಿರಲೇ ಇಲ್ಲ.

ಆದರೆ ಪಡುವಣದಲ್ಲಿ ದಿನಕ್ಕಿಷ್ಟು ಮೋಡ ಕೂಡತೊಡಗಿತ್ತು. ಮೂರನೆಯ ವಾರದಲ್ಲಿ ಒಂದು ಸಂಜೆ ಗುಡುಗು ಕೇಳಿಸಿದಾಗ ಸುಜಾತ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. ಹಿಂದಿನ ದಿನ ಮಾವ ಬಾವಿಯ ಹತ್ತಿರ ಬಿಂದಿಗೆಗೆ ಎಡವಿ ಬಿದ್ದು ಮೊಣಕೈ ತರಚಿಕೊಂಡು, ಬಿಂದಿಗೆ ಅಲ್ಲಿಟ್ಟವರಿಗೇ ಬಯ್ದಿದ್ದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನಾನು ಮಾಡಿದ ಕೆಲಸ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಗಂಗೊಳ್ಳಿಯ ಆಚೆ ಹೊಳೆಯಲ್ಲಿ ಗೂಡು ಕಟ್ಟಿ, ಬಲೆಯ ಪಂಜರದೊಳಗೆ ಕುರುಡಿ ಸಾಕುವವರಿದ್ದಾರೆ. ಬೆಳಿಗ್ಗೆ ಅಲ್ಲಿಗೆ ಹೋಗಿ ಎರಡು ಕಿಲೋ ತೂಗುವ ಒಂದನ್ನು ಕೊಂಡು ತಂದೆ. ನಾನು ಗಣಿತದವನು, ಅರೆಬರೆ ಕೆಲಸ ನನಗಾಗದು. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ, ಕಂಪಾಸಿನ ಮೊನೆಯಿಂದ ಅದರ ಮೇಲ್ದವಡೆಯಲ್ಲಿ ಗಾಳ ಕಚ್ಚಿದಂತೆ ಒಂದು ತೂತು ಮಾಡಿದೆ. ಪ್ಯಾಂಟನ್ನು ಮೊಣಕಾಲಿನವರೆಗೆ ಒದ್ದೆ ಮಾಡಿಕೊಂಡೆ. ಸುಜಾತಳಿಗೂ ಹೇಳಲಿಲ್ಲ.

ಅಂಗಳದಿಂದಲೇ ಕೂಗುತ್ತ ಬಂದೆ. ಅತ್ತೆ ಓಡಿ ಬಂದರು, ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದರು. ಮಾವ ಜಗಲಿಯಲ್ಲಿ ಕಾಲು ಚಾಚಿ, ಮೀನನ್ನು ತೊಡೆಯ ಮೇಲೆ ಇಡಿಸಿಕೊಂಡರು. ಕೈ ಮೊದಲು ಬಾಯಿಗೆ ಹೋಯಿತು. ದವಡೆಯ ಒಳಗೆ ಬೆರಳಾಡಿಸಿ, ತೂತು ಸಿಕ್ಕಿದ ಕೂಡಲೇ ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. “ಸಮ ಜಾಗಕ್ಕ್ ಕಚ್ಚಿತ್ತ್ ಮಾಸ್ಟ್ರೆ!” ಎಂದರು. ಸೋತದ್ದಕ್ಕೆ ಒಂದಿಷ್ಟೂ ಬೇಸರವಿಲ್ಲ, ನನ್ನ ಬಗ್ಗೆ ಹೆಮ್ಮೆಯೇ. ಕೈ ಬೆನ್ನಿನ ಮೇಲೆ, ಹೊಟ್ಟೆಯ ಮೇಲೆ ಜಾರುತ್ತ ಬಾಲಕ್ಕೆ ಬಂತು. ಅಲ್ಲಿ ನಿಂತಿತು. ಬಾಲದ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ತಿಕ್ಕಿದರು. ಮತ್ತೊಮ್ಮೆ ತಿಕ್ಕಿದರು.

“ಬಾಲ ಸವ್ದಿತ್ತ್,” ಎಂದರು. “ಬಲಿಗೆ ತಾಗಿ ತಾಗಿ ಸವ್ದದ್. ಇದ್ ಗೂಡಿನ್ ಮೀನ್.”

ಅವರ ಬೆರಳು ಮತ್ತೆ ದವಡೆಯ ತೂತಿಗೆ ಬಂತು.

“ತೂತ್ ಎಂತದ್ರಗೆ ಹಾಕ್ದ್ರಿ?”

“ಕಂಪಾಸಿನಲ್ಲಿ.”

ಬೇಲಿಯ ಹತ್ತಿರದವರು ಕಿಸಕ್ಕೆಂದರು. ಮಾವನೂ ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಮೀನನ್ನು ಅತ್ತೆಯ ಕಡೆ ಚಾಚಿ, ಎದ್ದು, ಗೋಡೆ ಹಿಡಿಯದೆಯೇ ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತರು. “ನಂಗೆ ಕಾಂತಿಲ್ಲ ಅಂದೇಳಿ ಮಾಡ್ದ್ರಿಯಾ ಮಾಸ್ಟ್ರೆ? ನಂಗೆ ಕೈಯಗೂ ಕಾಂತ್ತ್.”

ಅತ್ತೆ ಅವತ್ತು ಆ ಮೀನನ್ನು ಸಾರು ಮಾಡಿದರು. ಯಾರಿಗೂ ಸೇರಲಿಲ್ಲ. ನಾನು ಮಾಡಿದ್ದು ಅವರ ಒಳ್ಳೆಯದಕ್ಕೇ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ, ಕಣ್ಣು ಕಾಣದಿರುವುದನ್ನೇ ಬಳಸಿಕೊಂಡು ಅವರಿಗೆ ಮೋಸ ಮಾಡಲು ಹೋಗಿದ್ದೆ ಎಂಬ ಕೊರಗು ಹೋಗಲಿಲ್ಲ. ಸುಜಾತ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಮಾವ ನಾಲ್ಕು ದಿನ ಹೊಳೆಗೆ ಬರಲಿಲ್ಲ. ನಾನು ಒಬ್ಬನೇ ಹೋಗಿ, ಒಬ್ಬನೇ ಬರಿಗೈಯಲ್ಲಿ ಬಂದೆ. ಜಗಲಿಯಿಂದ ಒಂದು ತಮಾಷೆಯ ಮಾತೂ ಬರದಿದ್ದದ್ದು ಎಲ್ಲಕ್ಕಿಂತ ಕಷ್ಟವಾಯಿತು.

ಐದನೆಯ ದಿನ ಮಧ್ಯಾಹ್ನ ಮೂರಕ್ಕೆ ಸ್ಕೂಟರ್ ಹತ್ತಿರ ಹೋದರೆ ಮಾವ ಅದರ ಹಿಂದಿನ ಸೀಟಿನ ಮೇಲೆ ಕೈಯಿಟ್ಟು ನಿಂತಿದ್ದಾರೆ.

“ಗಾಳಿ ತಿರ್ಗಿತ್ತ್. ನಾಳಿ ನಾಡಿದ್ದ್ ಮಳಿ ಬತ್ತ್. ಹ್ವಾಪ,” ಎಂದರು. ಅಷ್ಟೇ. ನಾನು ಕ್ಷಮೆ ಕೇಳಲು ಹೊರಟರೆ “ಮೊದ್ಲ್ ಗಾಡಿ ಬಿಡಿ” ಎಂದು ಗದರಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ದಕ್ಕೆಯಲ್ಲಿ ಗಾಳಿ ಜೋರಾಗಿತ್ತು. ಇಳಿತ ಹಿಡಿದು ಸ್ವಲ್ಪ ಹೊತ್ತಾಗಿತ್ತು. ಮಾವ ಲುಂಗಿ ಎತ್ತಿ ಕಟ್ಟಿ ದಕ್ಕೆಯ ಕೆಳಗಿನ ಮೆಟ್ಟಿಲಲ್ಲಿ, ಮೊಣಕಾಲಿನವರೆಗಿನ ನೀರಿನಲ್ಲಿ ನಿಂತರು. ನಾನು ಹತ್ತು ಹೆಜ್ಜೆ ಮೇಲಕ್ಕೆ, ಸೇತುವೆಯ ಕಡೆ ನಿಂತಿದ್ದೆ. ಮೂರನೆಯ ಕಂಬದಲ್ಲಿ ‘ಟಪ್’. ಬೀಸಿದೆ. ಆ ಬೇಸಿಗೆಯಲ್ಲಿ ನಾನು ಎಸೆದ ಸಾವಿರ ಎಸೆತದಲ್ಲಿ ಅದೊಂದೇ ಸರಿಯಾದದ್ದು. ಚಟ್ಲಿ ಕಂಬದ ಮಗ್ಗುಲಲ್ಲಿ ಬಿದ್ದು, ನೀರಿನ ಜೊತೆ ತಾನಾಗಿಯೇ ಮರೆಗೆ ಸರಿಯಿತು.

ಎಳೆತ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು. ಕೋಲು ಬಿಲ್ಲಾಯಿತು, ರೀಲು ಕಿರುಚಿತು, ಇಪ್ಪತ್ತು ಮಾರು ದೂರದಲ್ಲಿ ಬೆಳ್ಳಗಿನ ಒಂದು ದೇಹ ನೀರಿನಿಂದ ಇಡಿಯಾಗಿ ಮೇಲೆದ್ದು ತಲೆ ಕೊಡವಿ ಧಡಾರೆಂದು ಬಿತ್ತು. ಗಾಬರಿಯಲ್ಲಿ ರೀಲಿನ ಬ್ರೇಕನ್ನು ಬಿಗಿ ಮಾಡಿಬಿಟ್ಟೆ. ನೂಲು ತಂತಿಯಂತೆ ಬಿಗಿದು ಹಾಡತೊಡಗಿತು. ಮಾವನಿಗೆ ಆ ಸದ್ದು ಸಾಕಾಯಿತು.

“ಬಿಡ್!” ಎಂದು ಕಡಲ ಗಂಟಲಿನಲ್ಲಿ ಕೂಗಿದರು. “ಬಿಡಾ! ಬಿಡ್!”

ನೂಲು ಬಿಡು, ಮೀನಿಗೆ ಸ್ವಲ್ಪ ಓಡಲು ಕೊಡು ಎಂದು ಅದರ ಅರ್ಥ. ಬಲೆಯ ಹಗ್ಗ ಹಿಡಿದ ಯಾರಿಗೂ ಬೇರೆ ಅರ್ಥ ಹೊಳೆಯುತ್ತಿರಲಿಲ್ಲ. ನಾನು ಗದ್ದೆಯವನು. ಅದರ ಮೇಲೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಾವನ ಬಾಯಿಂದ ನನಗೆ ಏಕವಚನ ಬಂದಿತ್ತು. ಐವತ್ತು ಜನರನ್ನು ಕುಣಿಸಿದ ದನಿ ಅದು, ಯೋಚಿಸಲು ಎಡೆ ಕೊಡುವಂಥದ್ದಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಕೋಲನ್ನೇ ಬಿಟ್ಟೆ.

ಕೋಲು ನನ್ನ ಕೈಯಿಂದ ಹಾರಿ ನೀರಿಗೆ ಬಿದ್ದು, ದೋಣಿಗೆ ಕಟ್ಟಿದ ಆಟಿಕೆಯ ಹಾಗೆ ಕೆಳಗಡೆಗೆ ಹೊರಟಿತು. ಕಿತ್ತಳೆ ಬಣ್ಣದ ಹಿಡಿಕೆ ನೀರಿನ ಮೇಲೇ ಇತ್ತು. ಮೀನು ಅದನ್ನು ಎಳೆದುಕೊಂಡು ಹೋಗುತ್ತಿದ್ದದ್ದು ನೇರವಾಗಿ ಮಾವನ ಎದುರಿಗೆ.

“ಮಾವ, ಕೋಲು! ನಿಮ್ಮೆದುರೇ ಬರ್ತಾ ಇದೆ, ಹಿಡ್ಕೊಳ್ಳಿ!”

“ಎಲ್ಲ್?”

“ಎದುರಿಗೇ! ಎರಡು ಮೊಳ!”

ಮಾವ ಎರಡು ಕೈಯನ್ನೂ ಚಾಚಿದರು. ನೀರನ್ನು ಅಲ್ಲಿ ಬಡಿದರು, ಇಲ್ಲಿ ಬಡಿದರು. ಎಂಥ ಮಂದ ಕಣ್ಣಿಗೂ ಕಾಣುವಂಥ ಕಿತ್ತಳೆ ಬಣ್ಣ ಅವರ ಬಲಗೈಯಿಂದ ಒಂದು ಗೇಣು ಆಚೆ ನಿಧಾನವಾಗಿ ಹಾದುಹೋಯಿತು. “ಎಲ್ಲ್ ಮಾರಾಯ? ಎಲ್ಲ್?” ಎಂದು ಕೂಗುತ್ತಲೇ ಇದ್ದರು. ಅದರ ಹಿಂದೆ ಒಂದು ಹೆಜ್ಜೆ ಹೆಚ್ಚು ಇಟ್ಟವರು ಮೆಟ್ಟಿಲು ತಪ್ಪಿ ಎದೆಯವರೆಗಿನ ನೀರಿಗೆ ಇಳಿದರು. ನಾನು ಹಾರಿ ಹೋಗಿ ಅವರ ಸೊಂಟ ತಬ್ಬಿ ಹಿಡಿದೆ. ಇಬ್ಬರೂ ಮೆಟ್ಟಿಲಿಗೆ ಬಂದು ಕೂತು ಉಪ್ಪುನೀರು ಉಗುಳುವ ಹೊತ್ತಿಗೆ ಕೋಲು, ಮೀನು, ಕಿತ್ತಳೆ ಹಿಡಿಕೆ ಯಾವುದೂ ಇರಲಿಲ್ಲ.

ಮೊದಲ ಹನಿಗಳು ಬಿದ್ದವು. ಪಂದ್ಯದ ಮಳೆ ಅದೇ. ನನಗೆ ಅಳು ಬರುವುದೊಂದು ಬಾಕಿ.

“ಹ್ವಾಯ್ತಾ?” ಎಂದು ಕೇಳಿದರು ಮಾವ.

“ಹೋಯ್ತು ಮಾವ. ನಾನು ಸೋತೆ.”

“ಸೋತದ್ದ್ ಹೌದ್. ಬಿಡ್ ಅಂದ್ರೆ ಕೋಲೇ ಬಿಡುದಾ?” ಎಂದವರ ಹೊಟ್ಟೆ ನಗುವಿನಿಂದ ಕುಲುಕತೊಡಗಿತು. ನನಗೂ ನಗು ಬಂತು. ಇಬ್ಬರೂ ಒದ್ದೆ ಬೆಕ್ಕುಗಳ ಹಾಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅವರು ತಮ್ಮ ಎರಡು ಕೈಗಳನ್ನೂ ಮುಖದ ಹತ್ತಿರ ತಂದು ಹಿಡಿದುಕೊಂಡರು.

“ಕೈಯೆದ್ರ್ ಹ್ವಾಯ್ತ್ ಅಲ್ದಾ ಅದ್?”

“ಹೌದು ಮಾವ.”

“ನಂಗೆ ಕಾಂತಿಲ್ಲ,” ಎಂದರು. ನಾಲ್ಕು ವರ್ಷದಲ್ಲಿ ಯಾರಿಗೂ ಹೇಳದ ಮಾತನ್ನು ಮಳೆಯ ಸದ್ದಿನ ನಡುವೆ ಅಷ್ಟು ಸಣ್ಣ ದನಿಯಲ್ಲಿ ಹೇಳಿದರು. “ಎಂತದೂ ಕಾಂತಿಲ್ಲ. ಹೆದ್ರಿಕಿ ಆತ್ತ್ ಕಣಾ. ಆಸ್ಪತ್ರಿಗೆ ನೀನೂ ಬಾ. ಒಬ್ಬ್ನೇ ಆರೆ ನಾ ಹ್ವಾಪುದಿಲ್ಲ.”

ನಾನು ಅವರ ಒದ್ದೆ ಕೈ ಹಿಡಿದುಕೊಂಡೆ.

ಕುಂದಾಪುರದ ಆಸ್ಪತ್ರೆಯಲ್ಲಿ ಮೊದಲು ಬಲಗಣ್ಣಿಗೆ ಆಪರೇಶನ್. ಒಳಗೆ ಕರೆದುಕೊಂಡು ಹೋಗುವಾಗ ಮಾವ ನನ್ನ ಅಂಗಿಯ ತೋಳು ಹಿಡಿದವರು ಬಾಗಿಲವರೆಗೂ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ಹೊರಗೆ ಬಂದು “ಇಷ್ಟೇಯಾ?” ಎಂದರು. ಮರುದಿನ ಬೆಳಿಗ್ಗೆ ನರ್ಸು ಬಂದು ಪಟ್ಟಿ ಬಿಚ್ಚಿದಳು. ಮಂಚದ ಸುತ್ತ ನಾನು, ಸುಜಾತ, ಗಂಜಿಯ ಡಬ್ಬಿ ಹಿಡಿದ ಅತ್ತೆ. ಮಾವ ಕಣ್ಣು ಪಿಳಿಪಿಳಿಸಿ ಮೊದಲು ಕಿಟಕಿ ನೋಡಿದರು, ಫ್ಯಾನು ನೋಡಿದರು, ನನ್ನನ್ನು ನೋಡಿ “ಹ್ವಾಯ್ ಮಾಸ್ಟ್ರೆ, ಇಷ್ಟ್ ದಪ್ಪ ಆದ್ದ್ ಯಾವಾಗ?” ಎಂದರು. ಸುಜಾತ ನಕ್ಕಳು. ನರ್ಸೂ ನಕ್ಕಳು.

ಆಮೇಲೆ ಅವರ ಕಣ್ಣು ಅತ್ತೆಯ ಮೇಲೆ ಬಂತು. ಅಲ್ಲೇ ನಿಂತಿತು.

“ಮರಾಯ್ತಿ, ನಿನ್ನ್ ತಲಿ ಎಲ್ಲ ಬೆಳ್ಳಗೆ ಆಯ್ತಲೆ? ಯಾವಾಗ?”

ಅತ್ತೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು. “ಮೂರ್ ನಾಕ್ ವರ್ಷ ಆಯ್ತ್,” ಎಂದರು. “ಕಾಂತ್ತ್, ಕಾಂತ್ತ್ ಅಂತಿದ್ರಿ ಅಲ್ದಾ? ಅದ್ಕೇ ನಾ ಹೇಳುಕ್ ಹೋಯ್ಲಿಲ್ಲ.”

ಕಣ್ಣಿಗೆ ನೀರು ತಾಗಿಸಬಾರದು ಎಂದು ಡಾಕ್ಟರು ಹೇಳಿದ್ದನ್ನು ನರ್ಸು ಇನ್ನೊಮ್ಮೆ ನೆನಪಿಸಿದಳು. ಮಾವ ಅತ್ತೆಯನ್ನೇ ನೋಡುತ್ತ, “ಚಂದ ಇತ್ತ್” ಎಂದರು.

“ಸುಮ್ನೆ ಗಂಜಿ ಉಣ್ಣಿ. ಜನ ಇದ್ರ್,” ಎಂದು ಅತ್ತೆ ಆ ಕಡೆ ತಿರುಗಿಕೊಂಡು ಡಬ್ಬಿಯ ಮುಚ್ಚಳ ತೆಗೆಯತೊಡಗಿದರು. ದಿನಾ ತೆಗೆಯುವ ಮುಚ್ಚಳವೇ ಅದು. ಅವತ್ತು ಮಾತ್ರ ಅವರಿಗೆ ಬಹಳ ಹೊತ್ತು ಹಿಡಿಯಿತು.